ಬಾಗಿಲು ಕೂರಿಸೋ ಮುಂಚಿನ ಬೆಂಗಳೂರು



ಒಂದು ವಾರದಿಂದ ಫೇಸ್‌ಬುಕ್ ತೆರೆದ್ರೆ ಸಾಕು, ಹಳೇ ಬೆಂಗಳೂರಿನ ಫೋಟೋಗಳೇ. ಹೆಂಚಿನ ಮನೆ, ಕಾಂಪೌಂಡಿನೊಳಗೆ ಮಾವಿನ ಮರ, ಖಾಲಿ ಎಂ.ಜಿ. ರೋಡಿನಲ್ಲಿ ಎರಡೇ ಎರಡು ಅಂಬಾಸಿಡರ್ ಕಾರು. ಕೆಳಗೆ ಸಾಲುಸಾಲು ಕಮೆಂಟು: "ಎಂಥಾ ಊರಾಗಿತ್ತು, ಹೊರಗಿನೋರು ಬಂದು ಕೆಡಿಸಿಬಿಟ್ರು." ಫೋಟೋ ನೋಡಿ ನನಗೂ ಖುಷಿಯಾಗುತ್ತೆ, ಸುಳ್ಳು ಯಾಕೆ ಹೇಳಲಿ. ನಾನೂ ಆ ಊರಲ್ಲೇ ಬೆಳೆದವಳು, 1987ರಿಂದ 2001ರವರೆಗೆ. ಆದ್ರೆ ಆ ಫೋಟೋಗಳಲ್ಲಿ ನಮ್ಮ ಮನೆ ಇಲ್ಲ. ಇರೋಕೂ ಸಾಧ್ಯವಿಲ್ಲ, ನಾವಿದ್ದ ಮನೆ ಯಾವುದೂ ಒಂದೂವರೆ ವರ್ಷಕ್ಕಿಂತ ಹೆಚ್ಚು ನಿಂತಿದ್ದಿಲ್ಲ. ಕಮೆಂಟಿನಲ್ಲಿ ಬೈಸಿಕೊಳ್ಳೋ ಆ "ಹೊರಗಿನೋರು" ನಾವೇ. ಅದಕ್ಕೇ ನನ್ನ ಹಳೇ ಬೆಂಗಳೂರನ್ನೂ ಒಂದಿಷ್ಟು ಬರೆದಿಡೋಣ ಅನ್ನಿಸಿತು. ಉದ್ದ ಆಗುತ್ತೆ, ಬಿಡುವಿದ್ದಾಗ ಓದ್ರಿ.

ನಮ್ಮದು ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿ, ಮಾದಿಗರ ಕೇರಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಇವನ್ನ ಬಳ್ಳಾರಿ ಕಡೆಯವರು ಪಶ್ಚಿಮ ತಾಲ್ಲೂಕುಗಳು ಅಂತಾರೆ. 1953ರ ಅಕ್ಟೋಬರ್ 1ರವರೆಗೆ ನಾವು ಮದ್ರಾಸ್ ರಾಜ್ಯದಲ್ಲಿದ್ವಿ, ಆಮೇಲೆ ಮೈಸೂರಿಗೆ ಬಂದ್ವಿ. ಹರಪನಹಳ್ಳಿಯನ್ನ 1997ರಲ್ಲಿ ದಾವಣಗೆರೆಗೆ ಕೊಟ್ರು, 2018ರಲ್ಲಿ ವಾಪಸ್ ಬಳ್ಳಾರಿಗೆ ತಂದ್ರು, 2021ರಲ್ಲಿ ಎಲ್ಲರನ್ನೂ ಕೂಡಿಸಿ ವಿಜಯನಗರ ಜಿಲ್ಲೆ ಅಂದ್ರು. ಜಿಲ್ಲೆಯ ಬೋರ್ಡು ಬದಲಾಗ್ತಾನೇ ಇದೆ, ಮಳೆ ಮಾತ್ರ ಹಂಗೇ ಐತಿ. ತುಂಗಭದ್ರಾ ಡ್ಯಾಮಿನ ಹಿನ್ನೀರು ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ನೆಲ ಮುಳುಗಿಸ್ತು. ಕಾಲುವೆ ನೀರು ಹರಿದದ್ದು ಹೊಸಪೇಟೆ, ಗಂಗಾವತಿ, ಸಿಂಧನೂರು, ಸಿರುಗುಪ್ಪದ ಗದ್ದೆಗೆ. ಕೂಡ್ಲಿಗಿಯ ಮಸಾರಿ ಹೊಲಕ್ಕೆ ಮೋಡವೇ ಗತಿ. ಆ ಹೊಲವೂ ನಮ್ಮದಲ್ಲ, ನಾವು ಅದರಲ್ಲಿ ಶೇಂಗಾ ಕೀಳೋ ಕೂಲಿಗಳು. 2002ರಲ್ಲಿ ನಂಜುಂಡಪ್ಪ ಸಮಿತಿ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಕೊಟ್ಟಾಗ ಅದರಲ್ಲಿ ಕೂಡ್ಲಿಗಿ, ಹರಪನಹಳ್ಳಿ ಇದ್ವು. ಅದನ್ನ ನಮಗೆ ಸಮಿತಿ ಹೇಳಬೇಕಿತ್ತಾ? ಕೇರಿಗೆ ಹೋಗಿ ಎಷ್ಟು ಮನೆಗೆ ಬೀಗ ಬಿದ್ದಿದೆ ಅಂತ ಎಣಿಸಿದ್ರೆ ಸಾಕಿತ್ತು.

ಬೀಗ ಬೀಳೋದಕ್ಕೆ ನಮ್ಮಲ್ಲಿ ಒಂದೇ ಪದ: ಗುಳೆ. ದೀಪಾವಳಿ ಆಯ್ತು ಅಂದ್ರೆ ಗಂಟುಮೂಟೆ. ಕೆಲವರು ಕಾಫಿ ತೋಟಕ್ಕೆ, ಕೆಲವರು ಮಂಡ್ಯ ಕಡೆ ಕಬ್ಬು ಕಡಿಯೋಕೆ, ಉಳಿದೋರು ಬೆಂಗಳೂರಿಗೆ ಗಾರೆ ಕೆಲಸಕ್ಕೆ. ಮೇಸ್ತ್ರಿ ಮುಂಗಡ ಕೊಡ್ತಾನೆ, ಯುಗಾದಿಗೆ ವಾಪಸ್. ನಾವು ಮಾತ್ರ ಆ ಯುಗಾದಿಗೆ ವಾಪಸ್ ಬರಲಿಲ್ಲ. ಅದ್ಯಾಕೆ ಅಂತ ಮುಂದೆ ಹೇಳ್ತೀನಿ.

1987ರಲ್ಲಿ ನನಗೆ ಐದು ವರ್ಷ, ಅಕ್ಕನಿಗೆ ಒಂಬತ್ತು. ರಾತ್ರಿ ಬಸ್ಸು. ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ ಬೆಳಗಿನ ಜಾವ ಮೆಜೆಸ್ಟಿಕ್. ಅಷ್ಟೊಂದು ದೀಪ ನಾನು ಕೊಟ್ಟೂರು ತೇರಿನಲ್ಲೂ ನೋಡಿರಲಿಲ್ಲ. ಮೇಸ್ತ್ರಿ ಬರೋವರೆಗೆ ಅಲ್ಲೇ ನೆಲದ ಮೇಲೆ ಮಲಗಿದ್ವಿ. ಆ ಬಸ್ ಸ್ಟ್ಯಾಂಡಿನ ಜಾಗ ಹಿಂದೆ ಧರ್ಮಾಂಬುಧಿ ಕೆರೆಯಾಗಿತ್ತು ಅಂತ ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯ್ತು, ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನ ಆಯ್ತು, ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಸ್ಟೇಡಿಯಂ ಆಯ್ತು. ಕೆರೆ ಮುಚ್ಚೋ ಮಣ್ಣು ಹೊತ್ತೋರು ನಮ್ಮಂಥೋರೇ ಇರಬೇಕು. ಮುಚ್ಚಿ ಅಂತ ಸಹಿ ಹಾಕಿದೋರು ಮಾತ್ರ ಹೊರಗಿನೋರಲ್ಲ, ಇದನ್ನ ಕಮೆಂಟು ಹಾಕೋರು ಸ್ವಲ್ಪ ನೆನಪಿಡಲಿ.

ಆಗ ಬಿಟಿಎಂ ಲೇಔಟ್ ಏಳ್ತಾ ಇತ್ತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಮೂರು ಹಳ್ಳಿ ಸೇರಿ ಮೂರು ಇಂಗ್ಲಿಷ್ ಅಕ್ಷರ ಆದ ಊರು ಅದು. ಆಮೇಲೆ ಕೋರಮಂಗಲ, ಆಮೇಲೆ ಅಗರದ ಹತ್ತಿರ ಎಚ್‌ಎಸ್‌ಆರ್ ಲೇಔಟ್. ಬಿಡಿಎ ಗೂಟ ಹೊಡೆದ ಕಡೆಯೆಲ್ಲ ನಾವು ಹೋದ್ವಿ. ಸುತ್ತ ರಾಗಿ ಹೊಲ, ನಡುವೆ ಒಂದೊಂದು ಪಾಯ, ಪಾಯದ ಪಕ್ಕ ನಮ್ಮ ತಗಡಿನ ಶೆಡ್ಡು.

ಮನೆ ಕಟ್ಟೋದು ಹೆಂಗೆ ಅಂತ ನನಗೆ ಅಕ್ಷರ ಬರೋ ಮುಂಚೆ ಬರ್ತಿತ್ತು. ಪಾಯ ತೆಗೆದು ಕಲ್ಲು ಕೂರಿಸೋವರೆಗೆ ಶೆಡ್ಡಿನಲ್ಲಿ ವಾಸ. ಮೊದಲನೇ ಮೋಲ್ಡ್ ಬಿದ್ದು ಸೆಂಟ್ರಿಂಗ್ ಬಿಚ್ಚಿದ ಮೇಲೆ ನಾವು ಒಳಗೆ. ಮಳೆಗಾಲದಲ್ಲಿ ಅದೇ ಅರಮನೆ. ಮೇಲೆ ಇನ್ನೊಂದು ಮಹಡಿ ಎದ್ದರೆ ಬೇಸಿಗೆಗೆ ಅಲ್ಲಿ ಮಲಗೋದು, ಕಿಟಕಿ ಇಲ್ಲದ ಕಿಟಕಿಯಿಂದ ಮಡಿವಾಳ ಕೆರೆ ಕಡೆಯ ಗಾಳಿ. ಬೆಳಗ್ಗೆ ಎದ್ದು ಗೋಡೆಗೆ ನೀರು ಹೊಡೆಯೋದು ಅಕ್ಕನ ಕೆಲಸ, ನಾನು ಪೈಪ್ ಎಳೆಯೋಳು. ಗೋಡೆಗೆ ಹೊಡೆಯೋ ನೀರೂ ನಾವು ಕುಡಿಯೋ ನೀರೂ ಒಂದೇ ತೊಟ್ಟಿಯದು.

ಮೋಲ್ಡ್ ಹಾಕೋ ದಿನ ಅಂದ್ರೆ ನಮಗೆ ಹಬ್ಬ. ಬೆಳಗ್ಗೆ ಆರಕ್ಕೆ ಮಿಕ್ಸರ್ ಶುರುವಾದ್ರೆ ಮೋಲ್ಡ್ ಮುಗಿಯೋವರೆಗೆ ನಿಲ್ಲಿಸೋ ಹಂಗಿಲ್ಲ, ನಿಲ್ಲಿಸಿದ್ರೆ ಜಾಯಿಂಟಲ್ಲಿ ಸೋರುತ್ತೆ. ಮೂವತ್ತು ನಲವತ್ತು ಜನ ಸಾಲಾಗಿ ನಿಂತು ಬಾಂಡ್ಲಿ ಕೈಯಿಂದ ಕೈಗೆ. ನಮ್ಮವ್ವ ಏಣಿಯ ನಡುಮಧ್ಯ ನಿಲ್ತಿದ್ಲು, ಅದು ಕಷ್ಟದ ಜಾಗ, ಕೆಳಗಿನಿಂದ ತಗೊಂಡು ತಲೆಗಿಂತ ಮೇಲೆ ಎತ್ತಿ ಕೊಡಬೇಕು. ಹಡಗಲಿ ಕಡೆಯ ಒಬ್ಬಾಕೆ ಮೈಲಾರಲಿಂಗನ ಪದ ಎತ್ತಿದ್ರೆ ಏಣಿಯುದ್ದಕ್ಕೂ ಎಲ್ಲರೂ ಹಿಂದ ಹಾಡೋರು. ಸಂಜೆ ಓನರ್ ಕಡೆಯಿಂದ ಬಾಡೂಟ. ಶನಿವಾರ ಬಟವಾಡೆ. ಬೆಂಗಳೂರು ಅಂದ್ರೆ ನನಗೆ ಇವತ್ತಿಗೂ ಕಾಫಿ ವಾಸನೆ ನೆನಪಾಗಲ್ಲ, ಹಸಿ ಸಿಮೆಂಟಿನ ವಾಸನೆ ನೆನಪಾಗುತ್ತೆ. ಅದು ನನಗೆ ಇಷ್ಟ. ಈಗಲೂ ಯಾರಾದ್ರೂ ಮನೆ ಕಟ್ಟಿಸ್ತಿದ್ರೆ ನಾನು ಒಂದು ಗಳಿಗೆ ನಿಂತು ಮುಂದೆ ಹೋಗೋದು.

ಆಮೇಲೆ ಬಡಗಿ ಬರ್ತಿದ್ದ, ಬಾಗಿಲು ಕೂರಿಸ್ತಿದ್ದ. ಬಾಗಿಲು ಕೂತ ದಿನ ನಾವು ಹೊರಗೆ. ಒಂದು ಮನೆ ನನಗೆ ಚೆನ್ನಾಗಿ ನೆನಪಿದೆ. ಎಂಟು ತಿಂಗಳು ಅದರ ಹಿಂದಿನ ರೂಮಿನಲ್ಲಿ ಮಲಗಿದ್ವಿ. ಪ್ಲಾಸ್ಟರ್ ಆಗದ ಗೋಡೆ ಮೇಲೆ ಅಪ್ಪ ಇಟ್ಟಿಗೆ ಚೂರಿನಿಂದ ನನ್ನದೂ ಅಕ್ಕನದೂ ಎತ್ತರ ಗೀಚಿದ್ದ. ಗೃಹಪ್ರವೇಶದ ದಿನ ಹಸು ಕರು ತಂದು ಒಳಗೆ ನಡೆಸಿದ್ರು, ಎಲ್ಲ ರೂಮಿಗೂ ಹೋಗಿ ಬಂತು. ಅವ್ವ ಏನೋ ಕೊಡೋಕೆ ಹೊಸ್ತಿಲ ಹತ್ರ ಹೋದ್ರೆ ಮನೆಯ ಹಿರಿಯಾಕೆ, "ಅಲ್ಲೇ ನಿಂತ್ಕೋಮ್ಮ, ಶೆಡ್ಡಿಗೇ ಊಟ ಕಳಿಸ್ತೀವಿ" ಅಂದ್ರು. ಬೈದು ಹೇಳಿದ್ದಲ್ಲ, ಮೆತ್ತಗೇ ಹೇಳಿದ್ರು. ಊಟ ಚೆನ್ನಾಗಿತ್ತು, ಎರಡು ಸಲ ಹೋಳಿಗೆ ಬಂತು. ನಮ್ಮ ಎತ್ತರ ಆ ಪ್ಲಾಸ್ಟರಿನ ಒಳಗೆ ಹಂಗೇ ಇರಬೇಕು.

ಇದನ್ನ ಓದಿ "ನೋಡಿ, ಬೆಂಗಳೂರಲ್ಲೂ ಜಾತಿ" ಅಂತ ಮುಗಿಸಿಬಿಡಬೇಡಿ. ಇನ್ನೊಂದು ಮಾತೂ ಐತಿ. ಊರಲ್ಲಿ ನಮ್ಮವ್ವ ಬಾವಿ ಕಟ್ಟೆಯಿಂದ ದೂರ ಕೊಡ ಇಟ್ಕೊಂಡು, ಯಾರಾದ್ರೂ ಸೇದಿ ಹಾಕಲಿ ಅಂತ ಕಾಯ್ತಿದ್ದಳು. ತಾವರೆಕೆರೆಯ ಬೀದಿ ನಲ್ಲಿ ಹತ್ರ ಅವ್ವ ಜಗಳ ಆಡೋದನ್ನ ನಾನು ಮೊದಲ ಸಲ ನೋಡಿದೆ. ಯಾರದೋ ಕೊಡ ಪಕ್ಕಕ್ಕೆ ಸರಿಸಿ "ನನ್ ಪಾಳಿ ಇದು" ಅಂತ ಕೂಗಿದ್ಲು. ಆ ಕಡೆಯಾಕೆಯೂ ಬೈದ್ಲು, "ಗುಲ್ಬರ್ಗದೋರು ಬಂದುಬಿಟ್ರು" ಅಂದ್ಲು. ಗುಲ್ಬರ್ಗ ಎಲ್ಲಿ, ಕೂಡ್ಲಿಗಿ ಎಲ್ಲಿ! ಆದ್ರೂ ಅವತ್ತು ಅವ್ವ ಕೊಡ ಹೊತ್ಕೊಂಡು ಬರುವಾಗ ನಗ್ತಿದ್ಲು. ಊರಲ್ಲಿ ನಮಗೆ ಪಾಳಿಯೇ ಇರಲಿಲ್ಲ, ಜಗಳ ಎಲ್ಲಿಂದ ಬರಬೇಕು? ಹಳ್ಳಿಗಳ ಬಗ್ಗೆ ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಆಡಿದ ಕಟು ಮಾತು ಇವತ್ತಿಗೂ ಕೆಲವರಿಗೆ ಚುಚ್ಚುತ್ತೆ. ನಾನು ಅದನ್ನ ಹಾಸ್ಟೆಲಿನಲ್ಲಿ ಓದಿದಾಗ ಕಣ್ಣ ಮುಂದೆ ಬಂದದ್ದು ಆ ನಲ್ಲಿ.

ಸ್ಕೂಲಿನ ಕಥೆ ಚಿಕ್ಕದು. ವರ್ಷಕ್ಕೊಂದು ಸರ್ಕಾರಿ ಶಾಲೆ, ಪ್ರತಿ ಸಲ ಟಿ.ಸಿ. ರಗಳೆ. ಜಾತಿ ಸರ್ಟಿಫಿಕೇಟ್ ಬೇಕಂದ್ರೆ ಕೂಡ್ಲಿಗಿ ತಾಲ್ಲೂಕು ಆಫೀಸಿಗೆ ಹೋಗಬೇಕು, ಬೆಂಗಳೂರಿನಲ್ಲಿ ವಿಳಾಸವೇ ಇಲ್ಲ. ರೇಷನ್ ಕಾರ್ಡು ಊರಲ್ಲಿ, ಓಟು ಊರಲ್ಲಿ, ಹೊಟ್ಟೆ ಇಲ್ಲಿ. ಎಲೆಕ್ಷನ್ ಬಂದಾಗ ಮಾತ್ರ ಮಡಿವಾಳಕ್ಕೇ ಫ್ರೀ ಬಸ್ಸು ಬರ್ತಿತ್ತು, ಅಪ್ಪ ಒಬ್ಬನೇ ಹೋಗಿ ಓಟು ಹಾಕಿ ಬರ್ತಿದ್ದ. ಅವ್ವ ನಮ್ಮಿಬ್ಬರನ್ನ ಕರ್ಕೊಂಡು ಊರ ಕಡೆ ತಲೆ ಹಾಕಿದ್ದಿಲ್ಲ. ಹಾಸ್ಟೆಲಿನಲ್ಲಿ ಸಿದ್ಧಲಿಂಗಯ್ಯನವರ 'ಊರುಕೇರಿ' ಕೈಗೆ ಸಿಕ್ಕಿತು. ಅವರು ಬೆಳೆದ ಶ್ರೀರಾಮಪುರದ ಬಗ್ಗೆ ಓದಿ ನಗು ಬಂತು, ಹೊಟ್ಟೆಕಿಚ್ಚೂ ಆಯ್ತು. ಅವರಿಗೊಂದು ಕೇರಿ ಇತ್ತು, ತಿರುಗಿ ಹೋಗಿ ನೋಡಬಹುದಿತ್ತು.

1996ರಲ್ಲಿ ಒಂದು ಕಟ್ಟಡದ ಎರಡನೇ ಮಹಡಿ ಸಾರುವೆಯಿಂದ ಅಪ್ಪ ಬಿದ್ದ. ಕಾಲು ಮುರೀತು. ಕಂಟ್ರಾಕ್ಟರು ಎರಡು ಸಾವಿರ ರೂಪಾಯಿ, ಬಸ್ ಚಾರ್ಜು ಕೊಟ್ಟು ಊರಿಗೆ ಹೋಗಿ ಅಂದ. ಕಟ್ಟಡ ಕಾರ್ಮಿಕರ ರಕ್ಷಣೆಗೆ ಕೇಂದ್ರದ ಕಾಯ್ದೆ ಬಂದದ್ದೂ ಅದೇ 1996ರಲ್ಲೇ. ಕರ್ನಾಟಕದಲ್ಲಿ ಕಲ್ಯಾಣ ಮಂಡಳಿ ಆಗೋಕೆ 2007 ಆಯ್ತು. ಅಪ್ಪನಿಗೆ ಅದು ಮುಟ್ಟಲಿಲ್ಲ. ಕಾಲು ಎಳೀತಾನೇ ವಾಚ್‌ಮನ್ ಆದ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಅಂತ ಕೋರಮಂಗಲದಲ್ಲಿ ಗೇಮ್ಸ್ ವಿಲೇಜ್ ಎದ್ದಾಗ ಅವ್ವ ಒಬ್ಬಳೇ ಅಲ್ಲಿ ಜಲ್ಲಿ ಹೊತ್ತಳು. ನಾವು ಊರಿಗೆ ಹೋಗಲೇ ಇಲ್ಲ. ಆಗ ನನಗೆ ಸಿಟ್ಟು ಬರ್ತಿತ್ತು, ಇಷ್ಟಾದ್ರೂ ಈಕೆ ಯಾಕೆ ಹೋಗಲ್ಲ ಅಂತ.

ಈಗ ಹೇಳ್ತೀನಿ. ಬಹಳ ವರ್ಷ ನಾನು "ಬರಕ್ಕೆ ಗುಳೆ ಹೋದೋರು ನಾವು" ಅಂತಲೇ ಭಾಷಣ ಮಾಡಿದ್ದೀನಿ. ಅದು ಅರ್ಧ ಸತ್ಯ. 2007–08ರಲ್ಲಿ ಸರ್ಕಾರ ಎರಡನೇ ಸಲ ದೇವದಾಸಿಯರ ಸಮೀಕ್ಷೆ ಮಾಡಿಸ್ತು. ನಾನು ಆಗ ಊರಿಗೆ ಮರಳಿ ಸಂಘಟನೆ ಕೆಲಸದಲ್ಲಿದ್ದೆ. ನಮ್ಮಜ್ಜಿ, ಅವ್ವನ ತಾಯಿ, ಉಚ್ಚಂಗೆಮ್ಮನಿಗೆ ಬಿಟ್ಟವಳು. ಆಕೆಯ ಮಾಸಾಶನದ ಕಾಗದ ಹುಡುಕ್ತಾ ಕೂತಿದ್ದಾಗ ಅವ್ವ ತಾನಾಗೇ ಬಾಯಿ ಬಿಟ್ಲು. ಅಕ್ಕನಿಗೆ ಏಳು ವರ್ಷವಾದಾಗ ಅಮ್ಮ ಬಂದು ಮೈಯೆಲ್ಲ ಗುಳ್ಳೆ, ಬದುಕೋದೇ ಅನುಮಾನ. ಅಜ್ಜಿ ಹರಕೆ ಹೊತ್ತಳು: ಉಳಿಸಿಕೊಡು, ನಿನಗೇ ಬಿಡ್ತೀನಿ. ಅಕ್ಕ ಉಳಿದಳು. 1987ರ ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗಕ್ಕೆ ಕರ್ಕೊಂಡು ಹೋಗಿ ಮುತ್ತು ಕಟ್ಟಿಸೋದು ಅಂತ ನಿಶ್ಚಯ ಆಗಿತ್ತು. ಹುಣ್ಣಿಮೆಗೆ ಹತ್ತು ದಿನ ಇದ್ದಾಗ ಅವ್ವ ಅಪ್ಪ ರಾತ್ರಿ ಬಸ್ಸು ಹತ್ತಿದ್ರು.

ಕಾನೂನು ಇರಲಿಲ್ಲವಾ? ಇತ್ತು, ಒಂದಲ್ಲ ಎರಡು. ನಾವು ಮದ್ರಾಸಿನಲ್ಲಿದ್ದ ಕಾಲಕ್ಕೇ, 1947ರಲ್ಲಿ, ಮದ್ರಾಸ್ ಸರ್ಕಾರ ದೇವದಾಸಿ ಬಿಡೋದನ್ನ ನಿಷೇಧಿಸಿತ್ತು. ಮೈಸೂರಿಗೆ ಬಂದು, ಕರ್ನಾಟಕ ಅಂತ ಹೆಸರಾಗಿ, 1982ರಲ್ಲಿ ಇನ್ನೊಂದು ಕಾಯ್ದೆ. ಅಜ್ಜಿಗೆ ಮುತ್ತು ಕಟ್ಟಿದ್ದು ಮೊದಲನೇ ಕಾಯ್ದೆ ಬಂದ ಮೇಲೆ. ಅಕ್ಕನಿಗೆ ನಿಶ್ಚಯ ಮಾಡಿದ್ದು ಎರಡನೇ ಕಾಯ್ದೆ ಬಂದ ಮೇಲೆ. ಕಾಯ್ದೆ ಪುಸ್ತಕ ನಮ್ಮ ಕೇರಿವರೆಗೆ ಬರಲಿಲ್ಲ, ಕೂಡ್ಲಿಗಿಯ ಬಸ್ಸು ಬರ್ತಿತ್ತು.

"ಇಷ್ಟು ವರ್ಷ ಯಾಕ ಹೇಳಲಿಲ್ಲವ್ವ?" ಅಂದೆ. "ಹೇಳಿದ್ರ ನೀವು ಅಜ್ಜಿನ ಬೈತಿದ್ರಿ. ಅಕಿ ಏನ್ ಮಾಡ್ಯಾಳು, ಮೊಮ್ಮಗಳು ಉಳೀಲಿ ಅಂತ ಅಕಿ ಕೈಯಾಗ ಕೊಡಾಕ ಇದ್ದದ್ದು ಅದೊಂದ" ಅಂದ್ಲು. ಆಮೇಲೆ ಅದರ ಬಗ್ಗೆ ಮಾತಾಡಲಿಲ್ಲ.

ಅದಕ್ಕೇ ಬೆಂಗಳೂರನ್ನ ಬಾಯಿತುಂಬ ಬೈಯೋಕೆ ನನಗೆ ಆಗಲ್ಲ. ಅಪ್ಪನ ಕಾಲು ತಗೊಂಡ ಊರು ಅದು, ಅಕ್ಕನನ್ನ ಬಚ್ಚಿಟ್ಟುಕೊಂಡ ಊರೂ ಅದೇ. ಅಲ್ಲಿ ಯಾರಿಗೂ ನಾವು ಯಾರು ಅಂತ ಗೊತ್ತಿರಲಿಲ್ಲ, ಅದೇ ನಮ್ಮನ್ನ ಕಾಯ್ತು. ಆ ಕಾವಲಿಗೂ ಒಂದು ಮಿತಿ ಇತ್ತು ಅನ್ನಿ. ಅಕ್ಕ ಗಾರ್ಮೆಂಟ್ಸ್ ಸೇರಿ, ಮದುವೆಯಾಗಿ, ಬೊಮ್ಮನಹಳ್ಳಿಯಲ್ಲಿ ಬಾಡಿಗೆ ಮನೆ ಹುಡುಕುವಾಗ ಮೊದಲು ಕೇಳಿದ್ದು "ವೆಜ್ಜಾ, ನಾನ್‌ವೆಜ್ಜಾ?" ಅಂತ. ಅದರರ್ಥ ಏನು ಅಂತ ಇಲ್ಲಿ ಓದ್ತಿರೋ ಎಲ್ಲರಿಗೂ ಗೊತ್ತು.

2020ರ ಮೇ ತಿಂಗಳು ನಾನು ಕೂಡ್ಲಿಗಿ ಬಸ್ ಸ್ಟ್ಯಾಂಡಿನಲ್ಲಿ ನೀರಿನ ಬಾಟಲಿ ಹಿಡ್ಕೊಂಡು ನಿಂತಿದ್ದೆ. ಬೆಂಗಳೂರಿನಿಂದ ಬಸ್ಸುಗಳು ಬರ್ತಿದ್ವು. ಅದೇ ವಾರ ರಾಜ್ಯ ಸರ್ಕಾರ ಬಿಲ್ಡರುಗಳ ಜೊತೆ ಸಭೆ ಮಾಡಿ, ಹೊರರಾಜ್ಯದ ಕಾರ್ಮಿಕರ ರೈಲು ರದ್ದು ಮಾಡಿಸಿ, ಗಲಾಟೆಯಾದ ಮೇಲೆ ಮತ್ತೆ ಬಿಟ್ಟಿತು. ಬಸ್ಸಿಂದ ಇಳಿದ ಒಂದು ಪುಟ್ಟ ಹುಡುಗಿ ಬಸ್ ಸ್ಟ್ಯಾಂಡಿನ ಗೋಡೆ ಮುಟ್ಟಿ ನೋಡಿ, "ಇದಕ್ಕ ಪ್ಲಾಸ್ಟರ್ ಸರಿ ಮಾಡಿಲ್ಲ" ಅಂತ ಅವರವ್ವನಿಗೆ ಹೇಳಿತು. ಐದಾರು ವರ್ಷ ಇರಬೇಕು.

ನಮ್ಮತ್ರ ಆ ಕಾಲದ್ದು ಅಂತ ಇರೋದು ಒಂದೇ ಫೋಟೋ, ಮಡಿವಾಳದ ಒಂದು ಸ್ಟುಡಿಯೋದಲ್ಲಿ ಬಟವಾಡೆ ದಿನ ತೆಗೆಸಿದ್ದು. ನಾನು, ಅಕ್ಕ, ಹಿಂದೆ ಪರದೆ ಮೇಲೆ ಬಿಡಿಸಿದ ವಿಧಾನಸೌಧ. ನೆಹರೂ 1951ರಲ್ಲಿ ಅಡಿಗಲ್ಲು ಹಾಕಿದ್ದು, ಕೆಂಗಲ್ ಹನುಮಂತಯ್ಯ ಕಟ್ಟಿಸಿದ್ದು ಅಂತ ನಾವು ಪರೀಕ್ಷೆಯಲ್ಲಿ ಬರೀತಿದ್ವಲ್ಲ, ಅದೇ. ಕಲ್ಲು ಹೊತ್ತೋರ ಹೆಸರು ಪರೀಕ್ಷೆಗೆ ಬರ್ತಿರಲಿಲ್ಲ. ಫೋಟೋದಲ್ಲಿ ಅಕ್ಕನ ಕುತ್ತಿಗೆ ಖಾಲಿ ಇದೆ. ಅವ್ವ ಒಂದು ಪ್ಲಾಸ್ಟಿಕ್ ಸರವನ್ನೂ ಹಾಕಗೊಡ್ತಿರಲಿಲ್ಲ ಅಂತ ಅಕ್ಕ ಈಗಲೂ ದೂರ್ತಾಳೆ.

ಅಕ್ಕನನ್ನ ಕೇಳಿಯೇ ಇಷ್ಟು ಬರೆದಿದ್ದೀನಿ. ಫೋಟೋ ಮಾತ್ರ ಹಾಕಬೇಡ ಅಂದಿದ್ದಾಳೆ. ನಮ್ಮ ಐದು ತಾಲ್ಲೂಕಿನೋರ ಹತ್ರ ಬೆಂಗಳೂರಿನ ಶೆಡ್ಡಿನದೋ, ಮೋಲ್ಡ್ ದಿನದ್ದೋ ಹಳೇ ಫೋಟೋ ಇದ್ರೆ ಕೆಳಗೆ ಹಾಕ್ರಿ. ಯಾವ ವರ್ಷ, ಯಾವ ಲೇಔಟು, ಎಷ್ಟನೇ ಕ್ರಾಸು ನೆನಪಿದ್ರೆ ಅದನ್ನೂ ಬರೀರಿ.