ಹೊಸ್ತಿಲಿನ ಕೇರಿ

ಅಮೆರಿಕದ ಪೂರ್ವ ಕರಾವಳಿಯ ಬಾಸ್ಟನ್ ನಗರದಲ್ಲಿ ನಾರ್ತ್ ಎಂಡ್ ಎಂಬ ಕೇರಿಯೊಂದಿದೆ. ಅರ್ಧ ಗಂಟೆಯಲ್ಲಿ ಈ ತುದಿಯಿಂದ ಆ ತುದಿಗೆ ನಡೆದು ಹಿಂದಿರುಗಬಹುದು, ಅಷ್ಟು ಚಿಕ್ಕದು. ಅಂಚಿನಲ್ಲಿ ಬಂದರಿನ ನೀರು; ಒಳಗೆ ಇಕ್ಕಟ್ಟಾದ ಓರೆಕೋರೆ ಬೀದಿಗಳು; ಬೀದಿಯ ಇಕ್ಕೆಲಗಳಲ್ಲಿ ನಾಲ್ಕೈದು ಅಂತಸ್ತಿನ ಇಟ್ಟಿಗೆಯ ವಠಾರಗಳು. ಕೆಲವು ವರ್ಷಗಳ ಹಿಂದೆ, ಆಗಸ್ಟ್ ತಿಂಗಳ ಒಂದು ಭಾನುವಾರ ಸಂಜೆ, ನಾನು ಆ ಬೀದಿಗಳಲ್ಲೊಂದರಲ್ಲಿ ನಿಂತಿದ್ದೆ. ಅಂದು ಸಿಸಿಲಿಯ ಮೀನುಗಾರರ ಉತ್ಸವದ ಕೊನೆಯ ದಿನ. ದೇವದೂತೆಯ ವೇಷ ತೊಟ್ಟ ಪುಟ್ಟ ಹುಡುಗಿಯೊಬ್ಬಳನ್ನು ಮಹಡಿಯ ಕಿಟಕಿಯಿಂದ ಹಗ್ಗ ಕಟ್ಟಿ ಬೀದಿಯ ಮೇಲೆ ಇಳಿಬಿಟ್ಟರು. ಗಾಳಿಯಲ್ಲಿ ತೂಗುತ್ತಲೇ ಆಕೆ ಕೆಳಗೆ ಹೊತ್ತು ತಂದಿದ್ದ ಮೇರಿಮಾತೆಯ ವಿಗ್ರಹಕ್ಕೆ ಸ್ತುತಿ ಹೇಳಿದಳು. ಜನ ಜಯಘೋಷ ಮಾಡಿದರು.

ಪಕ್ಕದಲ್ಲಿದ್ದ ವೃದ್ಧರೊಬ್ಬರನ್ನು, ತಮ್ಮ ಮನೆ ಇಲ್ಲಿಯೇ ಏನು ಎಂದು ಕೇಳಿದೆ. "ಹುಟ್ಟಿದ್ದು ಆ ಮೂಲೆಯ ಮನೆಯಲ್ಲಿ. ಈಗ ಇರುವುದು ಹತ್ತು ಮೈಲಿ ಆಚೆ. ಇವತ್ತು ದೇವಿಗೆ ಹೆಗಲು ಕೊಡಲು ಬಂದೆ" ಎಂದರು. ಮೂಲೆಯ ಮನೆಯಲ್ಲಿ ಈಗ ಯಾರಿದ್ದಾರೆಂದು ಕೇಳಿದ್ದಕ್ಕೆ ಅವರು ಸುಮ್ಮನೆ ಕೈಯಾಡಿಸಿದರು.

ದೇವಿ ಇಲ್ಲಿ, ದೇವಿಯನ್ನು ಹೊರುವವರು ಬೇರೆ ಊರಿನಲ್ಲಿ. ಈ ವಿಚಿತ್ರ ಹೇಗೆ ಸಂಭವಿಸಿತೆಂಬುದು ಇಂದಿನ ನನ್ನ ಮಾತಿನ ವಿಷಯ.

ನಾರ್ತ್ ಎಂಡ್ ಮೊದಲಿನಿಂದಲೂ ಇಟಲಿಯವರದಾಗಿರಲಿಲ್ಲ. 1775ರ ಏಪ್ರಿಲ್ 18ರ ರಾತ್ರಿ, ಬ್ರಿಟಿಷ್ ಸೈನ್ಯದ ಸುಳಿವು ಕೊಡಲು ಅಲ್ಲಿನ ಓಲ್ಡ್ ನಾರ್ತ್ ಚರ್ಚಿನ ಗೋಪುರದಲ್ಲಿ ಎರಡು ಕಂದೀಲುಗಳನ್ನು ತೂಗುಹಾಕಿದ ಕಥೆಯನ್ನು ಅಮೆರಿಕದ ಮಕ್ಕಳೆಲ್ಲ ಓದಿರುತ್ತಾರೆ. ಅಂದು ಕುದುರೆಯೇರಿ ಹೋದ ಪಾಲ್ ರಿವಿಯರನ ಮನೆ ಈ ಕೇರಿಯಲ್ಲೇ ಇದೆ. ಮುಂದೆ ಸಿರಿವಂತರು ಬೇರೆಡೆ ಮನೆ ಮಾಡಿಕೊಂಡು ಹೋದರು. 1840ರ ದಶಕದ ಕ್ಷಾಮದಲ್ಲಿ ಆಲೂಗಡ್ಡೆಯ ಬೆಳೆ ಕೊಳೆತು ದೇಶಬಿಟ್ಟ ಐರ್ಲೆಂಡಿನವರು ಆ ಮನೆಗಳನ್ನು ತುಂಬಿದರು. ಅಧ್ಯಕ್ಷ ಕೆನೆಡಿಯ ತಾಯಿ ರೋಸ್ 1890ರಲ್ಲಿ ಹುಟ್ಟಿದ್ದು ಈ ಕೇರಿಯಲ್ಲೇ. ಐರಿಷರ ಕೈ ಸ್ವಲ್ಪ ಮೇಲಾಗಿ ಅವರು ಹೊರಟಂತೆ ಪೂರ್ವ ಯೂರೋಪಿನ ಯಹೂದಿಗಳು ಬಂದು ಸೇಲಂ ಬೀದಿಯಲ್ಲಿ ಅಂಗಡಿ ತೆರೆದರು. ಅವರ ಜೊತೆಯಲ್ಲೇ, ಅವರ ಹಿಂದೆಯೇ, ಇಟಲಿಯವರು ಬಂದರು. ಮೊದಲು ಜಿನೋವಾದ ಕಡೆಯವರು. ಆಮೇಲೆ ನೇಪಲ್ಸ್, ಅಬ್ರುಜ್ಜಿ, ಸಿಸಿಲಿಯ ಬಡ ರೈತರು, ಮೀನುಗಾರರು. ಪಾಲ್ ರಿವಿಯರನ ಮನೆಯೇ ಒಂದು ಕಾಲಕ್ಕೆ ವಲಸಿಗರ ವಠಾರವಾಗಿತ್ತು. ಅದರ ನೆಲ ಅಂತಸ್ತಿನ ಅಂಗಡಿಗಳಲ್ಲಿ ಸಿಗಾರ್ ತಯಾರಿಕೆಯೂ ಇಟಾಲಿಯನ್ ಬ್ಯಾಂಕೂ ನಡೆದಿದ್ದುವು. ಕೆಡವಿಬಿಡುವರೆಂಬ ಭಯದಿಂದ ಆತನ ಮರಿಮಗನೊಬ್ಬ 1902ರಲ್ಲಿ ಕೊಂಡ ಮೇಲೆ, 1908ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು.

ಇಟಲಿಯವರು ಬಂದಾಗ ಒಂದು ದೇಶದವರಾಗಿ ಬರಲಿಲ್ಲ, ಊರೂರಿನವರಾಗಿ ಬಂದರು. ಒಂದೊಂದು ಸೀಮೆಯವರಿಗೆ ಒಂದೊಂದು ಬೀದಿ. ಒಂದೊಂದು ಊರಿಗೂ ಅದರದೇ ಸಂತ, ಅದರದೇ ಸಂಘ. ನಾನು ಕಂಡ ಉತ್ಸವ ಸಿಸಿಲಿಯ ಶಾಕ್ಕಾ ಎಂಬ ಬಂದರೂರಿನವರು 1910ರಲ್ಲಿ ಆರಂಭಿಸಿದ್ದು. ಹೊಸ ನಾಡು ಅವರನ್ನು ಕೈಚಾಚಿ ಬರಮಾಡಿಕೊಳ್ಳಲಿಲ್ಲವೆಂಬುದನ್ನು ಮರೆಯಬಾರದು. 1919ರ ಜನವರಿಯಲ್ಲಿ ಕಮರ್ಷಿಯಲ್ ಬೀದಿಯಲ್ಲಿ ಕಾಕಂಬಿಯ ಬೃಹತ್ ತೊಟ್ಟಿಯೊಂದು ಒಡೆದು 21 ಜನ ಸತ್ತರು. ಅಂಥ ತೊಟ್ಟಿ ನಿಂತಿದ್ದು ಸಿರಿವಂತರ ಬಡಾವಣೆಯಲ್ಲಲ್ಲ, ಈ ಬಡವರ ಮಗ್ಗುಲಲ್ಲಿ. ಕೊಲೆಯ ಆರೋಪ ಹೊತ್ತ ಸಾಕೋ ಮತ್ತು ವಾಂಜೆಟ್ಟಿ ಎಂಬ ಇಬ್ಬರು ಇಟಾಲಿಯನ್ ಅರಾಜಕತಾವಾದಿಗಳನ್ನು, ಜಗತ್ತಿನ ನಾನಾ ಕಡೆಗಳಿಂದ ಪ್ರತಿಭಟನೆ ಬಂದರೂ ಲೆಕ್ಕಿಸದೆ, 1927ರಲ್ಲಿ ಮರಣದಂಡನೆಗೆ ಗುರಿಪಡಿಸಿದಾಗ ಅವರ ಶವಯಾತ್ರೆ ಹೊರಟದ್ದೂ ಈ ಕೇರಿಯಿಂದಲೇ.

ಎರಡನೆಯ ಮಹಾಯುದ್ಧದ ತರುವಾಯ ಇಂಥ ಕೇರಿಗಳಿಗೆ ಒಂದು ಹೊಸ ಅಪಾಯ ಬಂದಿತು. ನಗರ ಯೋಜಕರ ಕಣ್ಣಿಗೆ ಇವು ಕೊಳೆಗೇರಿಗಳು; ಕೊಳೆಗೇರಿಗೆ ಅವರು ಕಂಡ ಮದ್ದು ಬುಲ್ಡೋಜರ್. ಹೆಚ್ಚು ದೂರವೇನಿಲ್ಲದ ವೆಸ್ಟ್ ಎಂಡ್ ಎಂಬ ಕೇರಿಯನ್ನು 1958ರಿಂದ ಮುಂದಿನ ಎರಡು ವರ್ಷಗಳಲ್ಲಿ ನೆಲಸಮ ಮಾಡಿದರು. ಅಲ್ಲಿಯೂ ಇಟಲಿಯವರೇ ಬಹಳ. ಎರಡು ಸಾವಿರಕ್ಕೂ ಹೆಚ್ಚು ಕುಟುಂಬಗಳು ಚೆದುರಿಹೋದುವು. ಆ ಜಾಗದಲ್ಲಿ ಅನುಕೂಲಸ್ಥರ ಎತ್ತರದ ಕಟ್ಟಡಗಳೆದ್ದವು. ಕೆಡಹುವ ಮುನ್ನ ಅಲ್ಲಿ ವಾಸವಿದ್ದು ನೋಡಿದ ಸಮಾಜಶಾಸ್ತ್ರಜ್ಞ ಹರ್ಬರ್ಟ್ ಗ್ಯಾನ್ಸ್ 1962ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆ ಜನರನ್ನು ನಗರದೊಳಗಿನ ಹಳ್ಳಿಗರೆಂದು ಕರೆದರು. ಮನೆ ಕಳೆದುಕೊಂಡವರನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಮಾರ್ಕ್ ಫ್ರೀಡ್, ಅವರ ದುಃಖ ಆಪ್ತರನ್ನು ಕಳೆದುಕೊಂಡವರ ಶೋಕದಂತೆಯೇ ಇದೆಯೆಂದು ತೋರಿಸಿದರು.

ನಾರ್ತ್ ಎಂಡ್ ಮಾತ್ರ ಉಳಿಯಿತು. 1950ರ ದಶಕದಲ್ಲಿ ಕಂಬಗಳ ಮೇಲೆ ಕಟ್ಟಿದ ಹೆದ್ದಾರಿಯೊಂದು ಅದರ ಅಂಚನ್ನು ಕತ್ತರಿಸಿ, ನಗರದಿಂದ ಅದನ್ನು ಬೇರ್ಪಡಿಸಿತು, ನಿಜ. ಆದರೆ 1959ರಲ್ಲಿ ಅಲ್ಲಿಗೆ ಮತ್ತೆ ಹೋದ ಲೇಖಕಿ ಜೇನ್ ಜೇಕಬ್ಸ್ ಬೆರಗಾದರು. ಇಪ್ಪತ್ತು ವರ್ಷಗಳ ಹಿಂದೆ ಅವರು ಕಂಡಿದ್ದ ಕಿಕ್ಕಿರಿದ ಬಡಕೇರಿ ಈಗ ಲವಲವಿಕೆಯ, ನಿರ್ಭಯದ, ಅಚ್ಚುಕಟ್ಟಾದ ನೆಲೆಯಾಗಿತ್ತು. ಬ್ಯಾಂಕುಗಳು ಕೊಳೆಗೇರಿಯೆಂದು ಸಾಲ ಕೊಡದಿದ್ದಾಗ, ಗಾರೆಯವರೂ ಬಡಗಿಗಳೂ ಆಗಿದ್ದ ಆ ಜನ ತಮ್ಮ ಉಳಿತಾಯದಿಂದ, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಮುಯ್ಯಿಯಾಳಾಗಿ ದುಡಿದು, ಮನೆಗಳನ್ನು ದುರಸ್ತಿ ಮಾಡಿಕೊಂಡಿದ್ದರು. 1961ರಲ್ಲಿ ಬಂದ ಜೇಕಬ್ಸರ ಹೆಸರಾಂತ ಗ್ರಂಥದ ಮೊದಲ ಪುಟಗಳಲ್ಲೇ ಈ ಕೇರಿಯ ಪ್ರಶಂಸೆಯಿದೆ.

ಇಲ್ಲಿಯೇ ಕಥೆ ತಿರುಗುವುದು. ಬುಲ್ಡೋಜರಿನಿಂದ ಪಾರಾದದ್ದು ಚೆಲುವಿನಿಂದ ಪಾರಾಗಲಿಲ್ಲ.

1964ರಲ್ಲಿ ಲಂಡನ್ನಿನ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್, ಕಾರ್ಮಿಕರ ಕೇರಿಗಳನ್ನು ಮಧ್ಯಮವರ್ಗದವರು ಒಂದೊಂದೇ ಮನೆಯಾಗಿ ಕೊಂಡು ಸಿಂಗರಿಸುವ ಕ್ರಿಯೆಗೆ ಜೆಂಟ್ರಿಫಿಕೇಷನ್ ಎಂಬ ಹೆಸರಿಟ್ಟರು. ಜೆಂಟ್ರಿ ಎಂದರೆ ಇಂಗ್ಲೆಂಡಿನ ಕುಲೀನ ಜಮೀನ್ದಾರ ವರ್ಗ. ಕನ್ನಡದಲ್ಲಿ ಇದನ್ನು 'ಕುಲೀನೀಕರಣ' ಎನ್ನಬಹುದೇನೋ. ಪದ ನಾಲಿಗೆಗೆ ಒರಟಾದರೂ ಅದರ ಒಳಗಿನ ವ್ಯಂಗ್ಯ ಉಳಿಯುತ್ತದೆ.

ಬಾಸ್ಟನ್ನಿನಲ್ಲಿ ಇದು ಮೆಲ್ಲಗೆ ನಡೆಯಿತು. ಮೊದಲು ಕೇರಿಯ ಅಂಚಿನ ಹಳೆಯ ಹಡಗುಕಟ್ಟೆಗಳ ಕಲ್ಲಿನ ಉಗ್ರಾಣಗಳು ವಾಸದ ಮನೆಗಳಾದುವು. 1976ರಲ್ಲಿ ಹತ್ತಿರದ ಕ್ವಿನ್ಸಿ ಮಾರುಕಟ್ಟೆ ನವೀಕರಣಗೊಂಡು ಪ್ರವಾಸಿಗರನ್ನು ಸೆಳೆಯಿತು. ವಠಾರಗಳ ಒಡೆಯರಲ್ಲಿ ಅನೇಕರು ಕೆಳಗಿನ ಮನೆಯಲ್ಲಿದ್ದು, ಮೇಲಿನವನ್ನು ನಂಟರಿಗೆ, ಪರಿಚಿತರಿಗೆ ಅಲ್ಪ ಬಾಡಿಗೆಗೆ ಕೊಟ್ಟಿದ್ದರು. ಅವರ ಮಕ್ಕಳು ಓದಿ, ಉದ್ಯೋಗ ಹಿಡಿದು, ಅಂಗಳವಿರುವ ಮನೆಗಳನ್ನರಸಿ ಹೊರವಲಯಕ್ಕೆ ಹೋದರು. ಹಿರಿಯರು ತೀರಿಕೊಂಡಾಗ ಮನೆ ಮೂರು ನಾಲ್ಕು ಜನರ ಪಾಲಿಗೆ ಬಂದು, ಮಾರುವುದೇ ಸುಲಭವೆನಿಸಿತು. ಕೊಂಡವನು ಅಂತಸ್ತುಗಳನ್ನು ಬಿಡಿಬಿಡಿಯಾಗಿ ಮಾರಿದನು. ಬಾಡಿಗೆಯ ಮೇಲಿನ ಸರಕಾರಿ ಹಿಡಿತವನ್ನು 1994ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು ರದ್ದುಮಾಡಿದರು. ಕೊನೆಗೆ ಆ ಎತ್ತರದ ಹೆದ್ದಾರಿಯನ್ನು ಕೆಡವಿ ಸುರಂಗಕ್ಕಿಳಿಸಿ, ಅದಿದ್ದ ಜಾಗವನ್ನು 2008ರಲ್ಲಿ ಉದ್ಯಾನವಾಗಿ ತೆರೆದರು. ಆ ಕೇರಿಯಲ್ಲೇ ಹುಟ್ಟಿದ ರೋಸ್ ಕೆನೆಡಿಯ ಹೆಸರು ಅದಕ್ಕೆ. ಎಲ್ಲರೂ ಹಾರೈಸಿದ್ದ ಒಳ್ಳೆಯ ಕೆಲಸವದು. ಅದರಿಂದ ಮನೆಗಳ ಬೆಲೆ ಮತ್ತೂ ಏರಿತು.

ಇದರಲ್ಲಿ ಖಳನಾರು? ಮನೆ ಮಾರಿದವರಿಗೆ ಅವರ ಅಜ್ಜಂದಿರು ಕನಸಿನಲ್ಲೂ ಕಾಣದ ಹಣ ಬಂತು, ಅದನ್ನು ತಪ್ಪೆನ್ನಲಾರೆ. ಕೊಂಡ ತರುಣರಾದರೂ ಕೇರಿಯನ್ನು ಮೆಚ್ಚಿಯೇ ಬಂದವರು. ನಷ್ಟವಾದದ್ದು ಬಾಡಿಗೆಯ ಮನೆಯಲ್ಲಿದ್ದ ಮುದುಕಿಗೆ, ಚಿಲ್ಲರೆ ದಿನಸಿಯವನಿಗೆ, ಚಪ್ಪಲಿ ಹೊಲಿಯುವವನಿಗೆ. ಇಂದು ಹ್ಯಾನೋವರ್ ಬೀದಿಯ ಉದ್ದಕ್ಕೂ ಇಟಾಲಿಯನ್ ಹೋಟೆಲುಗಳ ಸಾಲು. ದೀಪದ ಕಂಬಗಳಿಗೂ ಆ ದೇಶದ ಮೂರು ಬಣ್ಣ. ಇಟಲಿಯವರು ಕಡಮೆಯಾದಷ್ಟೂ ಇಟಲಿಯ ಹೆಸರು ದೊಡ್ಡದಾಗುತ್ತಿದೆ. ಬಾಳು ಹೋದ ಕಡೆ ಅದರ ರುಚಿಯನ್ನಷ್ಟೇ ತಟ್ಟೆಯಲ್ಲಿಟ್ಟು ಮಾರುವುದು ಸಾಧ್ಯ.

ನೀವು ಕೇಳಬಹುದು: ಐರಿಷರು ಹೋಗಿ ಯಹೂದಿಗಳು ಬಂದರು, ಅವರು ಹೋಗಿ ಇಟಲಿಯವರು ಬಂದರು, ಇವರೂ ಹೋದರೆ ಅದರಲ್ಲಿ ಹೊಸದೇನು? ಈ ಪ್ರಶ್ನೆ ನನ್ನನ್ನೂ ಕಾಡಿತು. ಉತ್ತರ ಹೊಳೆದದ್ದು ಆ ರಾತ್ರಿ ರೈಲುನಿಲ್ದಾಣದ ಕಡೆ ನಡೆಯುವಾಗ. ಹಿಂದೆ ಒಬ್ಬರು ಮೇಲೇರಿ ಹೊರಟಾಗ ಅವರ ಜಾಗಕ್ಕೆ ಅವರಿಗಿಂತ ಬಡವರು ಬರುತ್ತಿದ್ದರು. ಹಡಗಿನಿಂದ ಗಂಟು ಹೊತ್ತು ಇಳಿದವನಿಗೆ, ಭಾಷೆ ಬಾರದಿದ್ದರೂ, ಅಲ್ಲೊಂದು ಮೂಲೆ ಸಿಗುತ್ತಿತ್ತು. ಆ ಕೇರಿ ಒಂದು ಇಡೀ ನಾಡಿಗೆ ಹೊಸ್ತಿಲಾಗಿತ್ತು. ಹೊಸ್ತಿಲಿನಲ್ಲಿ ಯಾರೂ ಬಹುಕಾಲ ನಿಲ್ಲುವುದಿಲ್ಲ. ಆದರೆ ದಾಟಲು ಅದು ಬೇಕು. ಈಗ ಅಲ್ಲಿಗೆ ಬರಬೇಕಾದರೆ ಮೊದಲೇ ಮೇಲೇರಿರಬೇಕು. ಹೋದವರಿಗಾಗಿ ನಾನು ಅಷ್ಟು ಮರುಗುವುದಿಲ್ಲ, ಅವರು ದಾಟಿದವರು. ಇನ್ನು ಬರಬೇಕಾದವನ ಚಿಂತೆ ನನ್ನದು. ಇಂದು ಕೈಯಲ್ಲಿ ಒಂದು ಗಂಟು ಹಿಡಿದು ಆ ಬಂದರಿಗೆ ಇಳಿಯುವವನು ಈ ಬೀದಿಗಳಲ್ಲಿ ಯಾವ ಬಾಗಿಲನ್ನು ತಟ್ಟಬೇಕು?