ಸೋರುವ ಸೂರಿಗೆ ಹೊಣೆ ಯಾರು?

ಮಳೆಗಾಲದ ಮೊದಲ ಜಡಿಮಳೆಗೆ ಬಾಡಿಗೆ ಮನೆಯ ಸೂರು ತೊಟ್ಟಿಕ್ಕತೊಡಗಿದರೆ ಕೆಳಗೆ ಪಾತ್ರೆ ಇಡುವವರು ಬಾಡಿಗೆದಾರರು. ಸೂರು ಮಾತ್ರ ಮಾಲೀಕರದು. 'ವಾಸವಿರುವವರು ನೀವು, ನೀವೇ ಸರಿಮಾಡಿಸಿಕೊಳ್ಳಿ' ಎಂದು ಒಬ್ಬರು, 'ಮತ್ತೆ ಬಾಡಿಗೆ ಕೊಡುವುದು ಯಾತಕ್ಕೆ?' ಎಂದು ಇನ್ನೊಬ್ಬರು. ವಠಾರಗಳಲ್ಲಿ ಇಂದಿಗೂ ಕೇಳಿಬರುವ ಈ ಜಗಳ ಎರಡು ಶತಮಾನಗಳಿಂದ ಶಾಸನಕರ್ತರನ್ನೂ ನ್ಯಾಯಾಲಯಗಳನ್ನೂ ಕಾಡಿದೆ.

ಇದಕ್ಕೆ ಬಹಳ ಅಚ್ಚುಕಟ್ಟಾದ ಉತ್ತರ ಕೊಟ್ಟದ್ದು 1804ರ ಫ್ರಾನ್ಸಿನ ನಾಗರಿಕ ಸಂಹಿತೆ. ಬಾಗಿಲು, ಬೀಗ, ಒಲೆಗೂಡು, ಗೋಡೆಯ ಬುಡದಿಂದ ಒಂದು ಮೀಟರ್ ಎತ್ತರದವರೆಗಿನ ಗಾರೆ, ಕಿಟಕಿಯ ಗಾಜು ಇವೆಲ್ಲ ಬಾಡಿಗೆದಾರನ ಹೊಣೆ. ಆದರೆ ಗಾಜು ಒಡೆದದ್ದು ಆಲಿಕಲ್ಲು ಮಳೆಯಿಂದಾದರೆ ಅವನ ತಪ್ಪಿಲ್ಲ. ಬಾವಿಯನ್ನೂ ಮಲಗುಂಡಿಯನ್ನೂ ಶುಚಿ ಮಾಡಿಸಬೇಕಾದವನು ಮಾಲೀಕ. ಹಳತಾಗಿ ಸವೆದ ವಸ್ತುವಿಗೆ ಬಾಡಿಗೆದಾರ ದಂಡ ತೆರಬೇಕಾಗಿಲ್ಲ. ದಿನಬಳಕೆಯಲ್ಲಿ ಕೈತಾಗಿ ಕೆಟ್ಟದ್ದು ಇರುವವನದು, ಕಾಲ ಕೆಡಿಸಿದ್ದು ಒಡೆಯನದು ಎಂಬುದೇ ಇದರ ಸಾರ.

ಇಂಗ್ಲೆಂಡಿನ ದಾರಿ ಬೇರೆ. ಮನೆ ಹೇಗಿದೆಯೆಂದು ನೋಡಿಕೊಳ್ಳುವ ಜವಾಬ್ದಾರಿ ಹಿಡಿಯುವವನದೇ ಎಂಬ ಭಾವನೆ ಅಲ್ಲಿ ಬಲವಾಗಿತ್ತು. ಬ್ರೈಟನ್ ಪಟ್ಟಣದಲ್ಲಿ ಪೀಠೋಪಕರಣ ಸಹಿತ ಬಾಡಿಗೆಗೆ ಪಡೆದ ಮನೆಯ ತುಂಬ ತಿಗಣೆ ಕಂಡು ಒಂದು ಕುಟುಂಬ ಅವಧಿಗೆ ಮುನ್ನವೇ ಹೊರನಡೆಯಿತು. 1843ರಲ್ಲಿ ನ್ಯಾಯಾಲಯ ಆ ಕುಟುಂಬದ ಪರ ನಿಂತಿತು. ಆದರೆ ಪೀಠೋಪಕರಣವಿಲ್ಲದ ಖಾಲಿ ಮನೆಗೆ ಈ ರಕ್ಷಣೆ ಇಲ್ಲವೆಂದು ಅದೇ ವರ್ಷ ಇನ್ನೊಂದು ತೀರ್ಪು ಹೊರಬಿತ್ತು. ಬಡವರು ಹಿಡಿಯುತ್ತಿದ್ದುದು ಹೆಚ್ಚಾಗಿ ಅಂಥ ಖಾಲಿ ಮನೆಗಳನ್ನೇ.

ಭಾರತಕ್ಕೆ ಬಂದದ್ದು ಇಂಗ್ಲಿಷರ ಈ ಪರಂಪರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಸಹಜ ಸವೆತವನ್ನು ಬಿಟ್ಟರೆ, ಪಡೆದಾಗ ಇದ್ದ ಸ್ಥಿತಿಯಲ್ಲೇ ಸ್ವತ್ತನ್ನು ಬಾಡಿಗೆದಾರ ಹಿಂತಿರುಗಿಸಬೇಕು. ಮಾಲೀಕ ತಾನು ಮಾಡಲೇಬೇಕಾದ ದುರಸ್ತಿಯನ್ನು ತಿಳಿವಳಿಕೆ ಕೊಟ್ಟ ಮೇಲೂ ಮಾಡಿಸದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ, ಖರ್ಚನ್ನು ಬಡ್ಡಿಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಮಾಲೀಕ 'ಮಾಡಲೇಬೇಕಾದ' ದುರಸ್ತಿ ಯಾವುದೆಂಬ ಪಟ್ಟಿ ಅಲ್ಲಿಲ್ಲ. ಅದನ್ನು ಕರಾರಿಗೂ ಸ್ಥಳೀಯ ರೂಢಿಗೂ ಬಿಡಲಾಯಿತು.

ಈ ವಿವಾದ ಪ್ರಾಣಕ್ಕೇ ಎರವಾದ ಊರೆಂದರೆ ಮುಂಬಯಿ. ಹೊಟ್ಟೆಪಾಡಿಗಾಗಿ ಹೋದ ಕನ್ನಡಿಗರಿಗೂ ಅಲ್ಲಿನ ಚಾಳುಗಳ ಬದುಕು ಹೊಸದಲ್ಲ. ಯುದ್ಧಕಾಲದಲ್ಲಿ ಬಾಡಿಗೆ ಗಗನಕ್ಕೇರದಂತೆ ತಡೆಯಲು ಆರಂಭವಾದ ನಿಯಂತ್ರಣ 1947ರ ಕಾಯ್ದೆಯಲ್ಲಿ ಗಟ್ಟಿಯಾಯಿತು. 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯೇ ಹಳೆಯ ಮನೆಗಳ ಪ್ರಮಾಣ ಬಾಡಿಗೆಯಾಯಿತು. ಮನೆಯನ್ನು ವಾಸಯೋಗ್ಯವಾಗಿ ಇಡುವ ಹೊಣೆಯನ್ನು ಕಾಯ್ದೆ ಮಾಲೀಕನ ಮೇಲೆಯೇ ಹೊರಿಸಿತು. ಸಿಮೆಂಟು, ಮರ, ಕೂಲಿ ಎಲ್ಲವೂ ದುಬಾರಿಯಾದವು; ಬಾಡಿಗೆ ಮಾತ್ರ ಇದ್ದಲ್ಲೇ ನಿಂತಿತು. ಖರ್ಚು ಗಿಟ್ಟದೆಂದು ಮಾಲೀಕರು ಕೈಕಟ್ಟಿ ಕುಳಿತರು. ತಮ್ಮದಲ್ಲದ ಕಟ್ಟಡಕ್ಕೆ ಹಣ ಸುರಿಯಲು ಬಾಡಿಗೆದಾರರೂ ಹಿಂಜರಿದರು. ನಡುವೆ ತೊಲೆಗಳು ಗೆದ್ದಲು ಹಿಡಿದವು.

ಮುಂಗಾರು ಬಂದಾಗಲೆಲ್ಲ ಕಟ್ಟಡಗಳು ಕುಸಿಯತೊಡಗಿದಾಗ ಮಹಾರಾಷ್ಟ್ರ ಸರ್ಕಾರ ಮೂರನೆಯ ದಾರಿ ಹಿಡಿಯಿತು. 1969ರ ಶಾಸನದಂತೆ ಹಳೆಯ ಕಟ್ಟಡಗಳ ಮೇಲೆ ದುರಸ್ತಿ ಕರ ಹಾಕಿ, ಆ ಹಣದಿಂದ ಸಾರ್ವಜನಿಕ ಮಂಡಳಿಯೊಂದು ರಿಪೇರಿ ಮಾಡಿಸುವ ವ್ಯವಸ್ಥೆ ಬಂತು. ಮಾಲೀಕ, ಬಾಡಿಗೆದಾರರ ನಡುವಿನ ಹೊಣೆ ಹೀಗೆ ಸರ್ಕಾರದ ಹೆಗಲಿಗೂ ಏರಿತು. ದಶಕಗಳ ಹಿಂದಿನ ಬಾಡಿಗೆಯನ್ನೇ ಹಿಡಿದು ಕೂರುವುದು ಕಾಲಕ್ರಮದಲ್ಲಿ ನ್ಯಾಯಸಮ್ಮತವಾಗಿ ಉಳಿದಿಲ್ಲವೆಂದು 1997ರ ಡಿಸೆಂಬರ್‌ನಲ್ಲಿ ಮಲ್ಪೆ ವಿಶ್ವನಾಥ ಆಚಾರ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬಳಿಕ ಬಂದ 1999ರ ಮಹಾರಾಷ್ಟ್ರ ಕಾಯ್ದೆ ವರ್ಷಕ್ಕೆ ಶೇ 4ರಷ್ಟು ಬಾಡಿಗೆ ಏರಿಕೆಗೆ ಅವಕಾಶ ಕೊಟ್ಟಿತು. ಆದರೂ ಗಾಯ ಮಾಯಲಿಲ್ಲ. 2017ರ ಆಗಸ್ಟ್ 31ರಂದು ಭೇಂಡಿ ಬಜಾರ್ ಪ್ರದೇಶದ ನೂರು ವರ್ಷ ದಾಟಿದ ಕಟ್ಟಡವೊಂದು ಕುಸಿದು 30ಕ್ಕೂ ಹೆಚ್ಚು ಮಂದಿ ಸತ್ತರು.

ಫ್ರೆಂಚರ ಹಳೆಯ ಪಟ್ಟಿಯನ್ನು ನೆನಪಿಸುವಂಥದೊಂದು ಭಾರತದಲ್ಲಿ ಎದ್ದುಕಂಡದ್ದು ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ. ಕಟ್ಟಡದ ಮೂಲ ರಚನೆ, ಸುಣ್ಣಬಣ್ಣ, ನೀರಿನ ಕೊಳವೆ, ವಿದ್ಯುತ್ ತಂತಿ ಮಾಲೀಕನ ಪಾಲು. ನಲ್ಲಿ, ಸ್ವಿಚ್ಚು, ಬೀಗ, ಕಿಟಕಿ ಗಾಜು, ಮೋರಿ ಶುಚಿ ಬಾಡಿಗೆದಾರನ ಪಾಲು. ಮಾಲೀಕ ತನ್ನ ಪಾಲಿನದನ್ನು ಮಾಡಿಸದಿದ್ದರೆ ಬಾಡಿಗೆದಾರ ಖರ್ಚು ಮುರಿದುಕೊಳ್ಳಬಹುದು, ಆದರೆ ಒಂದು ತಿಂಗಳಲ್ಲಿ ಅರ್ಧ ಬಾಡಿಗೆ ಮೀರುವಂತಿಲ್ಲ. ಎಷ್ಟಾದರೂ ಇದು ಮಾದರಿ. ರಾಜ್ಯಗಳು ತಮ್ಮ ಶಾಸನವಾಗಿ ಮಾಡಿಕೊಂಡರಷ್ಟೇ ಇದಕ್ಕೆ ಬಲ.

ಅಲ್ಲಿಯವರೆಗೆ ಕರಾರು ಮತ್ತು ರೂಢಿಯದೇ ಮೇಲುಗೈ. ಮಾದರಿ ಕಾಯ್ದೆ ಸುಣ್ಣಬಣ್ಣವನ್ನು ಮಾಲೀಕನ ಬಾಬ್ತಿಗೆ ಬರೆದರೆ, ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುವವರ ಮುಂಗಡದಲ್ಲಿ ಅದೇ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಸಾಮಾನ್ಯ. ಹನ್ನೊಂದು ತಿಂಗಳ ಕರಾರು ಪತ್ರಕ್ಕೆ ಸಹಿ ಹಾಕುವಾಗ ಬಾಡಿಗೆಯ ಮೊತ್ತವನ್ನು ಎರಡು ಸಲ ಓದುವವರು ರಿಪೇರಿಯ ಸಾಲನ್ನೂ ಒಮ್ಮೆ ಓದುವುದು ಲೇಸು. ಅದು ಬರೆಯದೇ ಉಳಿದಿದ್ದರೆ ಬರೆಸಬೇಕಾದದ್ದು ಆಗಲೇ, ಮಳೆ ಬಂದ ಮೇಲಲ್ಲ.