ಗೆದ್ದ ಹೋರಿ, ಕುಳ್ಳ ಕರು

ಇವತ್ತು ನಾನು ಹೇಳ್ತಿರೋದು ಅಮೆರಿಕದ ದನಗಳ ಪ್ರದರ್ಶನದ ಕಥೆ. ಬಹುಮಾನವೇ ಒಂದು ತಳಿಗೆ ಮುಳುವಾದ ಕಥೆ.

1930-40ರ ದಶಕ. ಮಾಂಸಕ್ಕಾಗಿ ಸಾಕುವ ಹಿಯರ್‌ಫರ್ಡ್ ತಳಿಯಲ್ಲಿ ಆಗ ಗಿಡ್ಡ ಕಾಲಿನ, ದುಂಡು ಮೈಯ ಹೋರಿಗಳದ್ದೇ ಫ್ಯಾಶನ್. ತೀರ್ಪುಗಾರರು ಅಂಥವಕ್ಕೇ ಬಹುಮಾನ ಕೊಡ್ತಿದ್ರು. ಗೆದ್ದ ಹೋರಿಯ ಕರುಗಳಿಗೆ ಎಲ್ಲಿಲ್ಲದ ಬೇಡಿಕೆ. ಆದರೆ ಕೊಟ್ಟಿಗೆಯಲ್ಲಿ ಬೇರೆಯದೇ ನಡೀತಿತ್ತು. ಉಬ್ಬಿದ ಹಣೆ, ಮೋಟು ಕಾಲು, ಡೊಳ್ಳು ಹೊಟ್ಟೆಯ ಕುಳ್ಳ ಕರುಗಳು ಹುಟ್ಟತೊಡಗಿದವು. ಉಸಿರಾಡಿದರೆ ಗೊರಗೊರ ಸದ್ದು. ಅದಕ್ಕೇ ಅವುಗಳಿಗೆ ‘ಸ್ನಾರ್ಟರ್’ ಅನ್ನೋ ಹೆಸರು ಬಿತ್ತು. ಬಹಳಷ್ಟು ಕರುಗಳು ಬೇಗ ಸಾಯ್ತಿದ್ದವು.

ಕಾರಣ ಒಂದು ಅಡಗಿದ ಜೀನ್. ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದರೆ ಮಾತ್ರ ಕರು ಕುಳ್ಳಾಗುತ್ತೆ. ಒಂದೇ ಇದ್ದರೆ ಹೋರಿ ಆರೋಗ್ಯವಾಗೇ ಇರುತ್ತೆ. ಅಷ್ಟೇ ಅಲ್ಲ, ಅಂಥ ಹೋರಿ ಇನ್ನಷ್ಟು ದುಂಡಗೆ, ಅಂದವಾಗಿ ಕಾಣಿಸ್ತಿತ್ತು ಅಂತ ಆಗಿನ ಸಂಶೋಧಕರು ಅನುಮಾನಪಟ್ಟರು. ಅಂದ್ರೆ ತೀರ್ಪುಗಾರರ ಕಣ್ಣು ಗೊತ್ತಿಲ್ಲದೇ ದೋಷವನ್ನೇ ಆರಿಸ್ತಿತ್ತು!

ಆಗ ಡಿಎನ್‌ಎ ಪರೀಕ್ಷೆ ಇರಲಿಲ್ಲ. ಹೋರಿ ಶುದ್ಧವೋ ಅಲ್ಲವೋ ತಿಳಿಯಲು, ಜೀನ್ ಇದೆ ಅಂತ ಗೊತ್ತಿರುವ ಹಸುಗಳ ಜೊತೆ ಅದನ್ನು ಕೂಡಿಸಬೇಕು. ಹೋರಿಯಲ್ಲೂ ದೋಷವಿದ್ದರೆ ನಾಲ್ಕರಲ್ಲಿ ಒಂದು ಕರು ಕುಳ್ಳಾಗುವ ಸಾಧ್ಯತೆ. ಸತತ 16 ಕರು ಸರಿಯಾಗಿ ಹುಟ್ಟಿದರೆ ಶೇ 99ರಷ್ಟು ಭರವಸೆ. ಅಷ್ಟು ಕಾಯೋ ತಾಳ್ಮೆ, ದುಡ್ಡು ಯಾರಿಗಿತ್ತು? 1950ರ ದಶಕದಲ್ಲಿ ವಂಶಾವಳಿಯಲ್ಲಿ ಅನುಮಾನದ ಹೆಸರೊಂದು ಕಂಡರೆ ಸಾಕು, ಜನ ಆ ವಂಶವನ್ನೇ ಕೈಬಿಟ್ಟರು. ಹಸಿ ಜೊತೆ ಒಣಗಿದ್ದೂ ಸುಡ್ತಲ್ಲ, ಹಾಗೆ ನಿರ್ದೋಷಿ ದನಗಳೂ ಕಸಾಯಿಖಾನೆಗೆ ಹೋದವು.

ಈಗ 2008ಕ್ಕೆ ಬನ್ನಿ. ಆಂಗಸ್ ತಳಿಯಲ್ಲಿ ಬೆನ್ನು ಸೊಟ್ಟಗಾಗಿ, ಕೀಲು ಸೆಟೆದುಕೊಂಡು ಸತ್ತೇ ಹುಟ್ಟುವ ಕರುಗಳು. ಜಾಡು ಹಿಡಿದರೆ ಸಿಕ್ಕಿದ್ದು ‘ಪ್ರಿಸಿಷನ್ 1680’ ಅನ್ನೋ ಜನಪ್ರಿಯ ಹೋರಿಯ ವಂಶ. ಈ ಸಲ ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ಬೀವರ್ ದೋಷದ ಜೀನ್ ಪತ್ತೆಹಚ್ಚಿದರು, ಡಿಎನ್‌ಎ ಪರೀಕ್ಷೆಯೂ ಬಂತು. ಇಡೀ ವಂಶವನ್ನು ಕೊಲ್ಲಬೇಕಿಲ್ಲ, ದೋಷವಿರುವ ದನವನ್ನಷ್ಟೇ ಬೇರ್ಪಡಿಸಿದರೆ ಸಾಕು.

ಕಥೆ ಇಲ್ಲಿಗೇ ಮುಗೀಬೇಕಿತ್ತು. ಮುಗೀಲಿಲ್ಲ. ಶಾರ್ಟ್‌ಹಾರ್ನ್ ರಕ್ತದ ಪ್ರದರ್ಶನ ದನಗಳಲ್ಲಿ ‘ಟಿಎಚ್’ ಅನ್ನೋ ದೋಷ ಇದೆ. ಎರಡೂ ಕಡೆಯಿಂದ ಬಂದರೆ ಕರುವಿನ ಹಿಂಗಾಲೇ ಸರಿಯಾಗಿ ಬೆಳೆಯಲ್ಲ, ಎದ್ದು ನಿಲ್ಲೋಕಾಗಲ್ಲ. ಆದರೆ ಒಂದೇ ಜೀನ್ ಇರುವ ಹೋರಿಯ ಕರುಗಳಿಗೆ ದಟ್ಟ ಕೂದಲು, ದಪ್ಪ ಮೂಳೆ ಬರುತ್ತೆ ಅಂತ ನಂಬಿ, ಪರೀಕ್ಷೆಯ ಫಲಿತಾಂಶ ಕೈಯಲ್ಲಿಟ್ಟುಕೊಂಡೇ ಅಂಥ ಹೋರಿಯನ್ನು ಆರಿಸುವವರಿದ್ದಾರೆ. ಶುದ್ಧ ಹಸುವಿಗೆ ಕೂಡಿಸಿದರೆ ರೋಗದ ಕರು ಹುಟ್ಟಲ್ಲ ಅನ್ನೋ ಅವರ ಲೆಕ್ಕ ನಿಜವೇ. ಆದರೆ ಅರ್ಧದಷ್ಟು ಕರುಗಳು ಆ ಜೀನ್ ಹೊತ್ತು ಮುಂದೆ ಹೋಗ್ತವೆ.

ನನ್ನನ್ನು ಕಾಡೋದು ಇಷ್ಟೇ: ಅಜ್ಜಂದಿರು ಗೊತ್ತಿಲ್ಲದೇ ತಪ್ಪಿದರು, ಮೊಮ್ಮಕ್ಕಳು ಗೊತ್ತಿದ್ದೂ ಅದನ್ನೇ ಮಾಡ್ತಿದ್ದಾರೆ. ನೀವೇನಂತೀರಿ? ಮುಂದಿನ ಸಂಚಿಕೆಯಲ್ಲಿ ಸಿಗೋಣ.